ಯಾವ ಕ್ರಮಕ್ಕೆ ಹೌದು?

ಮೊನ್ನೆ ರಾತ್ರಿ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲಿ ಕೂತಿದೆ. “ಕಾಕಾ, ಇಂಡೆಕ್ಸು ಸಾಲುಗಳನ್ನ ಕ್ರಮವಾಗಿ ಕೊಡ್ತದೋ ಇಲ್ಲೋ ಅಂತ ಪ್ಲಾನರ್‌ಗೆ ತಿಳಸ್ಲಿಕ್ಕೆ ಒಂದು ಹೌದು-ಇಲ್ಲ ಸಾಕಾಗಂಗಿಲ್ಲೇನ್ರಿ?” ಅಂದಿ. ಸಾಕಾಗೋದಿಲ್ಲವ್ವಾ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ನಿನ್ನ ಬಸ್ಸು ಬಂತು. ಅದನ್ನೇ ಈಗ ಸಾವಕಾಶವಾಗಿ ಬರೆಯುತ್ತಿದ್ದೇನೆ. ನಿಮ್ಮ ತಂಡ ಕಟ್ಟುತ್ತಿರುವುದು ಡೇಟಾಬೇಸಿನ ಒಳಮೈ. ನಾಳೆ ಹೊರಗಿನ ಯಾರೋ ಹೊಸ ಬಗೆಯ ಇಂಡೆಕ್ಸ್ ಬರೆದು ತಂದರೆ ಅದನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ನಿನ್ನ ಪಾಲಿಗೆ ಬಂದಿದೆ. ಅಂಥ ಬಾಗಿಲಿನ ಚೌಕಟ್ಟನ್ನು ಒಮ್ಮೆ ಕೂರಿಸಿದರೆ ಹತ್ತಿಪ್ಪತ್ತು ವರ್ಷ ಯಾರೂ ಕೀಳಲಾರರು. ಅದರ ಅಳತೆಗೆ ತಕ್ಕಂತೆ ಎಷ್ಟೋ ಜನ ತಮ್ಮ ಮನೆ ಕಟ್ಟಿಕೊಂಡಿರುತ್ತಾರೆ.

ನಮ್ಮ ಹೊಲದಿಂದಲೇ ಶುರು ಮಾಡುತ್ತೇನೆ. ಶಹಾಪುರದ ಕಡೆ ಯಾವ ಊರಿನ ಪಹಣಿ ತೆಗೆದರೂ ಬಹಳಷ್ಟು ಸರ್ವೆ ನಂಬರುಗಳ ಬೆನ್ನಿಗೆ ಹಿಸ್ಸಾ, ಅಂದರೆ ಆ ನಂಬರಿನೊಳಗಿನ ಪಾಲು, ಇರುತ್ತದೆ: 12/1, 12/2, 12/10. ತಲಾಟಿಯ ದಫ್ತರದಲ್ಲಿ 12/2 ಆದ ಮೇಲೆ 12/3, ಹಾಗೇ ಸಾಗಿ 12/9ರ ನಂತರ 12/10. ಇದನ್ನೇ ಕಂಪ್ಯೂಟರಿಗೆ ಬರೀ ಅಕ್ಷರಗಳ ಸಾಲಾಗಿ ಕೊಟ್ಟರೆ 12/1 ಮುಗಿದ ಕೂಡಲೇ 12/10 ಬಂದು ಕೂರುತ್ತದೆ, 12/2 ಅದರ ಹಿಂದೆ ನಿಲ್ಲುತ್ತದೆ. ಭೂಮಿ ಯೋಜನೆಯಲ್ಲಿ ಕರ್ನಾಟಕ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಆ ದಾಖಲೆಗಳಲ್ಲಿ ಎಷ್ಟೋ ಕಡೆ ಈ ಓರೆಗೆರೆಯ ನಂಬರು ಇದೆ. ಅವೇ ಮೂರು ಹಿಸ್ಸೆ, ಎರಡು ಬಗೆಯ ಜೋಡಣೆ, ಮತ್ತು ಎರಡೂ ಕ್ರಮವೇ. ಹಾಗಿರುವಾಗ ‘ಕ್ರಮವಾಗಿ ಕೊಡ್ತೀಯಾ’ ಎಂದು, ಕ್ವೆರಿಗೆ ದಾರಿ ಆರಿಸುವ ನಿನ್ನ ಪ್ಲಾನರ್ ಕೇಳಿ, ಇಂಡೆಕ್ಸ್ ‘ಹೌದು’ ಅಂದರೆ, ಅದು ಯಾವ ಕ್ರಮಕ್ಕೆ ಹೌದು ಅಂದಿತು?

ಪ್ಲಾನರ್‌ಗೆ ಕ್ರಮದ ಮೇಲೆ ಇಷ್ಟು ಆಸೆ ಯಾಕೆಂದು ನಿನಗೆ ಗೊತ್ತು. ಆದರೂ ಬೇರು ಎಲ್ಲಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. 1979ರಲ್ಲಿ ಪೆಟ್ರೀಷಿಯಾ ಸೆಲಿಂಜರ್ ಮತ್ತು ಜೊತೆಗಾರರು ಐಬಿಎಂನ ಸಿಸ್ಟಮ್ ಆರ್ ಎಂಬ ಡೇಟಾಬೇಸಿನ ಬಗ್ಗೆ ಒಂದು ಪ್ರಬಂಧ ಬರೆದರು. ಒಂದು ಕೆಲಸಕ್ಕೆ ಹತ್ತು ದಾರಿ ಕಂಡರೆ ಎಲ್ಲಕ್ಕಿಂತ ಅಗ್ಗದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುವುದು ಸಹಜ. ಹಾಗೆ ಎಸೆಯಬೇಡಿ, ಸ್ವಲ್ಪ ದುಬಾರಿಯಾದರೂ ಮುಂದೆ ಬೇಕಾಗುವ ಕ್ರಮದಲ್ಲಿ ಸಾಲು ಕೊಡುವ ದಾರಿಯನ್ನೂ ಕಾದಿಡಿ ಎಂಬುದು ಅವರ ವಿಚಾರ. ಅಂಥ ಕ್ರಮಗಳಿಗೆ ‘ಇಂಟರೆಸ್ಟಿಂಗ್ ಆರ್ಡರ್ಸ್’ ಎಂದು ಹೆಸರಿಟ್ಟರು. ಮುಂದೆ ಆರ್ಡರ್ ಬೈ ಇರಬಹುದು, ಗ್ರೂಪ್ ಬೈ ಇರಬಹುದು, ಎರಡು ಪಟ್ಟಿಗಳನ್ನು ಹೆಜ್ಜೆಗೆ ಹೆಜ್ಜೆ ಕೂಡಿಸುವ ಮರ್ಜ್ ಜಾಯಿನ್ ಇರಬಹುದು. ಆಗ ಒಂದು ದೊಡ್ಡ ಸಾರ್ಟ್ ಮಾಡುವ ಖರ್ಚು ಉಳಿಯುತ್ತದೆ.

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಇದೇ ವಿಚಾರ ‘ಪಾಥ್‌ಕೀ’ ಎಂಬ ಹೆಸರಿನಲ್ಲಿದೆ. ಪ್ರತಿಯೊಂದು ದಾರಿಯ ಕೊರಳಿಗೂ ಚೀಟಿಗಳ ಒಂದು ಸರ: ಇಲ್ಲಿಂದ ಬರುವ ಸಾಲುಗಳು ಮೊದಲು ತಾಲೂಕಿನಂತೆ, ಆಮೇಲೆ ಹೋಬಳಿಯಂತೆ, ಆಮೇಲೆ ಊರ ಹೆಸರಿನಂತೆ. ಆ ಒಂದೊಂದು ಚೀಟಿಯಲ್ಲಿ ಏನೇನು ಬರೆದಿದೆ ನೋಡು. ಯಾವ ಬೆಲೆ, ಯಾವ ಆಪರೇಟರ್ ಫ್ಯಾಮಿಲಿಯ (ಒಟ್ಟಿಗೆ ಹೋಗುವ ಹೋಲಿಕೆಗಳ ಗುಂಪು) ಅರ್ಥದಲ್ಲಿ, ಯಾವ ಕೊಲೇಷನ್ ಪ್ರಕಾರ, ಏರುವ ದಿಕ್ಕೋ ಇಳಿಯುವ ದಿಕ್ಕೋ, ನಲ್‌ಗಳು, ಅಂದರೆ ಖಾಲಿ ಬೆಲೆಗಳು, ಮುಂದೋ ಹಿಂದೋ. ನೀನು ಒಂದು ಹೌದು-ಇಲ್ಲದಲ್ಲಿ ಮುಗಿಸಬೇಕು ಅಂದುಕೊಂಡದ್ದಕ್ಕೆ ಪ್ಲಾನರ್ ತನ್ನ ಒಳಗೆ ಇಷ್ಟು ಬರೆದಿಟ್ಟುಕೊಳ್ಳುತ್ತದೆ.

ಕೊಲೇಷನ್, ಅಂದರೆ ಅಕ್ಷರಗಳನ್ನು ಜೋಡಿಸುವ ನಿಯಮ, ಎಂಬ ಒಂದೇ ಸಂಗತಿಯನ್ನು ತೆಗೆದುಕೋ. ಶಾಲೆಯಲ್ಲಿ ನೀನು ಹಾಡಿ ಕಲಿತ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ. ಯೂನಿಕೋಡಿನ ಕೋಷ್ಟಕದಲ್ಲಿ ಅದು ಲ ಮತ್ತು ವ ನಡುವೆ ಕೂತಿದೆ. ಹೀಗಾಗಿ ಬರೀ ಸಂಕೇತಸಂಖ್ಯೆ ನೋಡಿ ಊರುಗಳನ್ನು ಜೋಡಿಸಿದರೆ ಹಳಿಸಗರ ಮೊದಲು, ಹಸನಾಪುರ ಆಮೇಲೆ. ನಿಘಂಟು ನೋಡುವ ಕನ್ನಡಿಗನ ಕಣ್ಣಿಗೆ ಹಸನಾಪುರ ಮೊದಲು ಬರಬೇಕು. ಕಳಸ ಮತ್ತು ಕಸದ ನಡುವೆಯೂ ಇದೇ ತಕರಾರು. ಪೋಸ್ಟ್‌ಗ್ರೆಸ್ 2017ರಲ್ಲಿ, ತನ್ನ 10ನೇ ಆವೃತ್ತಿಯಲ್ಲಿ, ಐಸಿಯು ಕೊಲೇಷನ್‌ಗಳನ್ನು ತಂದ ಮೇಲೆ ಕನ್ನಡದ ನಿಯಮದಂತೆ ಜೋಡಿಸುವುದು ಸುಲಭವಾಯಿತು. ಒಂದೇ ಕಾಲಮ್ಮಿನ ಮೇಲೆ ಎರಡು ಬಿ-ಟ್ರೀ ಇಂಡೆಕ್ಸ್ ಇರಬಹುದು, ಒಂದು ಸಂಕೇತಸಂಖ್ಯೆಯದು, ಒಂದು ಕನ್ನಡದ್ದು. ಎರಡೂ ಸತ್ಯವಾಗಿಯೇ ‘ಕ್ರಮವಾಗಿ ಕೊಡುತ್ತೇನೆ’ ಎನ್ನುತ್ತವೆ. ಒಂದರ ಕ್ರಮವನ್ನು ಇನ್ನೊಂದರ ಕ್ರಮವೆಂದು ಪ್ಲಾನರ್ ತಿಳಿದರೆ ಕೆಲಸ ಕೆಟ್ಟಿತು.

ನಿಯಮದ ಹೆಸರು ಗೊತ್ತಿದ್ದರೂ ಸಾಲದು, ನಿಯಮದ ಆವೃತ್ತಿಯೂ ಗೊತ್ತಿರಬೇಕು. 2018ರಲ್ಲಿ ಲಿನಕ್ಸ್‌ನ ಜಿಲಿಬ್‌ಸಿ ಗ್ರಂಥಾಲಯದ 2.28ನೇ ಆವೃತ್ತಿ ಬಂತು. ಅದರಲ್ಲಿ ಅಕ್ಷರಗಳನ್ನು ಜೋಡಿಸುವ ನಿಯಮಗಳು ಬಹಳಷ್ಟು ಬದಲಾದವು. ಹಳೆಯ ನಿಯಮದಂತೆ ಕಟ್ಟಿದ ಇಂಡೆಕ್ಸುಗಳು ಡಿಸ್ಕಿನಲ್ಲಿ ಹಾಗೇ ಇದ್ದವು. ಡೇಟಾ ಒಂದಕ್ಷರವೂ ಬದಲಾಗಿರಲಿಲ್ಲ. ಆಪರೇಟಿಂಗ್ ಸಿಸ್ಟಮ್ ಹೊಸದಕ್ಕೆ ಏರಿದ ಎಷ್ಟೋ ಕಡೆ, ಇರುವ ಸಾಲನ್ನೇ ಹುಡುಕಿದರೆ ‘ಇಲ್ಲ’ ಎಂಬ ಉತ್ತರ ಬಂತು. ಇಂಡೆಕ್ಸಿನ ಮಾತು ಸುಳ್ಳಾದದ್ದು ಅದರ ತಪ್ಪಿನಿಂದಲ್ಲ, ಅದು ಆಣೆ ಇಟ್ಟ ಪುಸ್ತಕವೇ ಬದಲಾಗಿತ್ತು. ನಿನ್ನ ಇಂಟರ್‌ಫೇಸಿನಲ್ಲಿ ಯಾವ ಪುಸ್ತಕದ ಯಾವ ಮುದ್ರಣದ ಮೇಲೆ ಆಣೆ ಎಂದು ಬರೆದಿಡಲು ಜಾಗ ಇರಲಿ.

ಈಗ ನನ್ನಿಂದಲೇ ಆದ ಒಂದು ತಪ್ಪು ಹೇಳುತ್ತೇನೆ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ಬಹಳ ವರ್ಷಗಳ ಹಿಂದೆ ಒಂದು ಕಚೇರಿಗೆ ಬೆಳೆಹಾನಿಯ ಪಟ್ಟಿ ಮತ್ತು ಜಮೀನಿನ ಪಟ್ಟಿಯನ್ನು ಕೂಡಿಸಿಕೊಡುವ ಕೆಲಸ ನನಗೆ ಬಂದಿತ್ತು. ಸರ್ವೆ ನಂಬರಿಗೆಂದೇ ಒಂದು ಹೊಸ ಡೇಟಾ ಬಗೆ ಬರೆದೆ. ಬಿ-ಟ್ರೀಗೆ ಬೇಕಾದ ಐದು ಹೋಲಿಕೆ ಬರೆದೆ: ಕಡಿಮೆ, ಕಡಿಮೆ ಅಥವಾ ಸಮ, ಸಮ, ಹೆಚ್ಚು ಅಥವಾ ಸಮ, ಹೆಚ್ಚು. 12/2 ಮುಂದೆ, 12/10 ಹಿಂದೆ, ಚೆಂದ ಬಂತು. ಆದರೆ ಕೆಲವು ಸಾಲುಗಳಲ್ಲಿ ಹಿಸ್ಸಾ ಬರೆದೇ ಇರಲಿಲ್ಲ, ಬರೀ 12 ಎಂದಿತ್ತು. ಊರಲ್ಲಿ ನಾವು ಮಾತಾಡುವ ಹಾಗೆ ಯೋಚಿಸಿದೆ. 12 ಅಂದರೆ 12ರ ಎಲ್ಲಾ ಹಿಸ್ಸೆಯೂ ಬಂತಲ್ಲ. ಹಾಗಾಗಿ ಹಿಸ್ಸಾ ಇಲ್ಲದ 12 ಎಂಬುದು 12/1ಕ್ಕೂ ಸಮ, 12/2ಕ್ಕೂ ಸಮ ಎಂದು ಬರೆದುಬಿಟ್ಟೆ. ಆಡುಮಾತಿನಲ್ಲಿ ಅದು ಸರಿ. ಕ್ರಮದ ಲೆಕ್ಕದಲ್ಲಿ ಅದು ಘಾತ, ಯಾಕೆಂದರೆ 12/1 ಮತ್ತು 12/2 ತಮ್ಮೊಳಗೆ ಸಮ ಅಲ್ಲ. ಒಂದು ಮೂರನೆಯದಕ್ಕೆ ಸಮವಾದ ಎರಡು ತಮ್ಮೊಳಗೂ ಸಮ ಇರಲೇಬೇಕು ಎಂಬ ಕಟ್ಟಳೆಯನ್ನು ನಾನೇ ಮುರಿದಿದ್ದೆ.

ಎರಡು-ಮೂರು ಊರಿನ ಪಟ್ಟಿ ಕೊಟ್ಟು ಪರೀಕ್ಷಿಸಿದಾಗ ಎಲ್ಲಾ ಸರಿಯಿತ್ತು. ಪಟ್ಟಿ ಸಣ್ಣದಾದ್ದರಿಂದ ಪ್ಲಾನರ್ ನೆಸ್ಟೆಡ್ ಲೂಪ್ ಆರಿಸಿಕೊಂಡು ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಹೋಲಿಸಿ ನೋಡುತ್ತಿತ್ತು. ಪೂರ್ತಿ ಪಟ್ಟಿ ಕೊಟ್ಟಾಗ ಅದು ನನ್ನ ಮಾತು ನಂಬಿ ಮರ್ಜ್ ಜಾಯಿನ್‌ಗೆ ಹೋಯಿತು. ಎರಡೂ ಕಡೆಯ ಸಾಲುಗಳು ಒಂದೇ ಕ್ರಮದಲ್ಲಿ ಬರುತ್ತಿವೆ ಎಂದುಕೊಂಡು ಮುಂದೆ ಮುಂದೆ ಸರಿಯಿತು. ಹಿಂದೆ ಉಳಿದವರನ್ನು ತಿರುಗಿ ನೋಡುವ ಪದ್ಧತಿ ಅದಕ್ಕಿಲ್ಲ. ದೋಷದ ಸಂದೇಶ ಬರಲಿಲ್ಲ, ಯಂತ್ರ ನಿಲ್ಲಲಿಲ್ಲ, ಪಟ್ಟಿ ಅಚ್ಚುಕಟ್ಟಾಗಿ ಮುದ್ರಣವಾಯಿತು. ಕೆಲವು ಹೊಲಗಳು ಮಾತ್ರ ಅದರಲ್ಲಿ ಇರಲಿಲ್ಲ. ಒಬ್ಬ ಮುದುಕ ಪಹಣಿ ಹಿಡಿದುಕೊಂಡು ಬಂದು “ನನ್ನ ಹೊಲ ಎಲ್ಲಿಗಿ ಹೋತ್ರಿ ಸಾಹೇಬ್ರ?” ಎಂದು ಕೇಳಿದ. ನಾನು ಅದೇ ಕೋಣೆಯಲ್ಲಿ ಕೂತಿದ್ದೆ. ಪಟ್ಟಿ ಸರಿಮಾಡಿ ಅವನ ಹೆಸರು ಸೇರಿಸಿದೆವು, ಆದರೆ ಆ ದನಿ ಈಗಲೂ ಕಿವಿಯಲ್ಲಿದೆ.

ಅದಕ್ಕೇ ನಿನಗೆ ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನು. ಕ್ರಮ ಕೊಡಬಲ್ಲ ಇಂಡೆಕ್ಸ್ ‘ಕೊಡಲಾರೆ’ ಅಂದರೆ ಆಗುವ ನಷ್ಟ ಒಂದು ಹೆಚ್ಚಿನ ಸಾರ್ಟ್, ನಾಲ್ಕು ಸೆಕೆಂಡಿನ ತಡ. ಕೊಡಲಾರದ ಇಂಡೆಕ್ಸ್ ‘ಕೊಡುತ್ತೇನೆ’ ಅಂದರೆ ಯಾರಿಗೂ ಗೊತ್ತಾಗದ ಹಾಗೆ ಉತ್ತರ ತಪ್ಪುತ್ತದೆ. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ಇಡಬೇಡ. ಹೊಸಬನೊಬ್ಬ ಏನನ್ನೂ ತುಂಬದೆ ಖಾಲಿ ಬಿಟ್ಟರೆ ಅದರ ಅರ್ಥ ‘ಇಲ್ಲ’ ಎಂದಾಗಬೇಕು. ‘ಹೌದು’ ಅನ್ನಬೇಕಾದರೆ ಅವನು ಯಾವ ಕಟ್ಟಳೆಗಳಿಗೆ ಒಳಪಡುತ್ತಿದ್ದಾನೆ ಎಂಬುದು ಕಣ್ಣಿಗೆ ಹೊಡೆಯುವಂತೆ ಬರೆದಿರಬೇಕು. ಪೋಸ್ಟ್‌ಗ್ರೆಸ್‌ನವರು 2017ರಿಂದ ‘ಆಮ್‌ಚೆಕ್’ ಎಂಬ ಉಪಕರಣವನ್ನು ಜೊತೆಗೇ ಕೊಡುತ್ತಿದ್ದಾರೆ. ಬಿ-ಟ್ರೀಯ ಪುಟಗಳ ಒಳಹೊಕ್ಕು, ಹೇಳಿದ ಕ್ರಮದಲ್ಲೇ ಸಾಲುಗಳು ಕೂತಿವೆಯೇ ಎಂದು ಅದು ನೋಡುತ್ತದೆ. ನಿನ್ನ ಇಂಟರ್‌ಫೇಸಿಗೂ ಮೊದಲ ದಿನದಿಂದಲೇ ಅಂಥ ಒಬ್ಬ ಕಾವಲುಗಾರ ಬೇಕು.

ಇಲ್ಲಿಯವರೆಗೆ ಹೇಳಿದ್ದು ಇಂಡೆಕ್ಸಿನಲ್ಲೇ ಕೂತಿರುವ ಕ್ರಮ. ಇನ್ನೊಂದು ಬಗೆಯಿದೆ, ಅದು ನನಗೆ ಬಹಳ ಪ್ರೀತಿಯದು. ಶಹಾಪುರದ ಬಸ್ ನಿಲ್ದಾಣದಲ್ಲಿ ನಿಂತು ‘ಇಲ್ಲಿಂದ ಹತ್ತಿರದ ಐದು ಆರೋಗ್ಯ ಕೇಂದ್ರ’ ಎಂದು ಕೇಳು. ಅದೇ ಪ್ರಶ್ನೆಯನ್ನು ಸುರಪುರದಲ್ಲಿ ನಿಂತು ಕೇಳು, ಯಾದಗಿರಿ ರೈಲು ನಿಲ್ದಾಣದಲ್ಲಿ ಕೇಳು. ಕೇಂದ್ರಗಳು ಅವೇ, ಇಂಡೆಕ್ಸ್ ಅದೇ, ಕ್ರಮ ಮಾತ್ರ ಮೂರು ಕಡೆ ಮೂರು ತೆರ. ಈ ಕ್ರಮ ಇಂಡೆಕ್ಸಿನಲ್ಲಿ ಎಲ್ಲೂ ಬರೆದಿಟ್ಟದ್ದಲ್ಲ, ಪ್ರಶ್ನೆ ಬಂದ ಮೇಲೆ ಹುಟ್ಟುವುದು. ಜಿಸ್ಟ್ ಎಂಬ ಸಾಮಾನ್ಯೀಕೃತ ಹುಡುಕು-ಮರವನ್ನು 1995ರಲ್ಲಿ ಹೆಲರ್‌ಸ್ಟೈನ್, ನಾಟನ್, ಫೆಫರ್ ಮುಂದಿಟ್ಟಿದ್ದರು. ಅದರ ಮೇಲೆ ‘ಹತ್ತಿರದವರು ಮೊದಲು’ ಎಂಬ ಕ್ರಮ ಪೋಸ್ಟ್‌ಗ್ರೆಸ್‌ಗೆ ಬಂದದ್ದು 2011ರಲ್ಲಿ, 9.1ನೇ ಆವೃತ್ತಿಯಲ್ಲಿ. ಒಲೆಗ್ ಬಾರ್ಟುನೊವ್, ತಿಯೊಡೊರ್ ಸಿಗಾಯೆವ್ ಈ ಕೆಲಸದ ಹಿಂದಿದ್ದವರು.

ಅದು ನಡೆಯುವ ರೀತಿ ಹೀಗೆ. ಮರದ ಒಂದೊಂದು ಪುಟವೂ ನಕಾಶೆಯ ಒಂದು ಚೌಕ. ಚೌಕದೊಳಗೆ ಯಾರಿದ್ದಾರೋ ತೆರೆಯುವವರೆಗೆ ಗೊತ್ತಿಲ್ಲ, ಆದರೆ ಆ ಚೌಕದ ಯಾವ ಬಿಂದುವೂ ಇಷ್ಟಕ್ಕಿಂತ ಹತ್ತಿರ ಇರಲಾರದು ಎಂದು ಅಂಚನ್ನು ನೋಡಿಯೇ ಹೇಳಬಹುದು. ಚೌಕಗಳನ್ನೂ ಬಿಂದುಗಳನ್ನೂ ಆ ಕನಿಷ್ಠ ದೂರದ ಪ್ರಕಾರ ಒಂದೇ ಸರದಿಯಲ್ಲಿ ನಿಲ್ಲಿಸುತ್ತಾರೆ. ಸರದಿಯ ಮುಂದೆ ಚೌಕ ಬಂದರೆ ತೆರೆದು ಒಳಗಿನದನ್ನು ಮತ್ತೆ ಸರದಿಗೆ ಬಿಡುತ್ತಾರೆ, ಬಿಂದು ಬಂದರೆ ಉತ್ತರವಾಗಿ ಕೊಡುತ್ತಾರೆ. ಐದು ಸಿಕ್ಕಿದರೆ ಮುಗಿಯಿತು, ಜಿಲ್ಲೆಯ ಉಳಿದ ಚೌಕ ತೆರೆಯುವ ಗೊಡವೆಯೇ ಇಲ್ಲ.

ಆದರೆ ದೂರ ಎಂದರೆ ಯಾವ ದೂರ? ತಿಂಥಣಿ ಕಡೆಗೆ ಹೋಗಿದ್ದೀಯಲ್ಲ. ಕೃಷ್ಣೆಯ ಈಚೆ ದಂಡೆಯಲ್ಲಿ ನಿಂತರೆ ಆಚೆಯ ಊರಿನ ದೀಪ ಕಾಣುತ್ತದೆ. ಹಕ್ಕಿಗೆ ಅದು ಹತ್ತಿರ, ಹೊಟ್ಟೆನೋವಿನ ಹೆಣ್ಣುಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡವನಿಗೆ ತಿಂಥಣಿ ಬ್ರಿಡ್ಜ್ ಸುತ್ತಿ ಹೋಗಬೇಕಾದ ದೂರ. ಇಂಡೆಕ್ಸಿಗೆ ಗೊತ್ತಿರುವುದು ನೇರ ಗೆರೆ. ಬೇಕಾದದ್ದು ರಸ್ತೆಯ ಕ್ರಮ. ಹಾಗಂತ ಇಂಡೆಕ್ಸ್ ನಿರುಪಯೋಗಿಯೇ? ಅಲ್ಲ. ನೇರ ಗೆರೆ ಎಂದೂ ರಸ್ತೆಗಿಂತ ಉದ್ದವಾಗದು. ಅಂದಾಜು ನಿಜವನ್ನು ಮೀರದಿದ್ದರೆ ಸಾಕು, ಆ ಅಂದಾಜಿನ ಕ್ರಮದಲ್ಲಿ ಬಂದದ್ದನ್ನು ಹಿಡಿದಿಟ್ಟು, ನಿಜವಾದ ದೂರ ಅಳೆದು, ಸರಿಯಾದ ಸರದಿಯಲ್ಲಿ ಬಿಡಬಹುದು. ಇಂಡೆಕ್ಸ್ ತನ್ನ ದೂರ ಅಂದಾಜಿನದು ಎಂದು ಹೇಳಿದರೆ ನಿಜದ ದೂರ ಅಳೆದು ಮರುಜೋಡಿಸುವ ವ್ಯವಸ್ಥೆ ಪೋಸ್ಟ್‌ಗ್ರೆಸ್‌ನಲ್ಲಿ 9.5ನೇ ಆವೃತ್ತಿಯಿಂದ ಇದೆ. ಅದರ ಕರಾರಿನಲ್ಲೂ ಇದೇ ಷರತ್ತು: ಅಂದಾಜು ನಿಜಕ್ಕಿಂತ ಹೆಚ್ಚಾಗಬಾರದು. ಗಮನಿಸು, ಇಲ್ಲಿ ಉತ್ತರ ಹೌದೂ ಅಲ್ಲ, ಇಲ್ಲವೂ ಅಲ್ಲ. ‘ಕೊಡುತ್ತೇನೆ, ಆದರೆ ನೀನೊಮ್ಮೆ ನೋಡಿಕೋ’ ಎಂಬ ಮೂರನೆಯ ಉತ್ತರ. ನಿನ್ನ ಬಾಗಿಲಿನಲ್ಲಿ ಈ ಮೂರನೆಯ ಉತ್ತರಕ್ಕೆ ಎಡೆ ಇದೆಯೇ?

ಈ ದೂರದ ಕ್ರಮವನ್ನು ಪ್ಲಾನರ್‌ಗೆ ತಿಳಿಸಿದ ಜಾಣ್ಮೆಯನ್ನೂ ಹೇಳಲೇಬೇಕು. ಅವರು ದೂರಕ್ಕೆಂದು ಬೇರೆ ಭಾಷೆ ಹುಟ್ಟಿಸಲಿಲ್ಲ. ಆಪರೇಟರ್ ಕ್ಲಾಸಿನ, ಅಂದರೆ ಇಂಡೆಕ್ಸಿಗೆ ಗೊತ್ತಿರುವ ಆಪರೇಟರುಗಳ, ಪಟ್ಟಿಯಲ್ಲಿ ಪ್ರತಿ ಆಪರೇಟರಿನ ಎದುರು ‘ಇದು ಹುಡುಕಲಿಕ್ಕೆ’ ಅಥವಾ ‘ಇದು ಜೋಡಿಸಲಿಕ್ಕೆ’ ಎಂದು ಗುರುತು ಹಾಕಿದರು. ಜೋಡಿಸುವ ಆಪರೇಟರಾದರೆ ಅದರ ಫಲವನ್ನು ಯಾವ ಬಿ-ಟ್ರೀ ಫ್ಯಾಮಿಲಿಯ ಅರ್ಥದಲ್ಲಿ ಜೋಡಿಸಬೇಕು ಎಂದೂ ಬರೆದರು. ದೂರ ಅಂದರೆ ಒಂದು ಸಂಖ್ಯೆ, ಸಂಖ್ಯೆಗಳ ಕ್ರಮ ಪ್ಲಾನರ್‌ಗೆ ಮೊದಲೇ ಗೊತ್ತು. ಹೀಗಾಗಿ ಹಳೆಯ ಚೀಟಿಗಳೇ ಸಾಕಾದವು. ಹೊಸ ಇಂಟರ್‌ಫೇಸ್ ಬರೆಯುವಾಗ ಇರುವ ಮಾತಿನಲ್ಲೇ ಹೊಸ ಸಂಗತಿ ಹೇಳಲು ಬರುತ್ತದೆಯೇ ಎಂದು ಮೊದಲು ನೋಡು.

ಆ ಬಾಗಿಲಿನಿಂದ ಆಮೇಲೆ ಯಾರು ಬಂದರು ಗೊತ್ತೇ? 2011ರಲ್ಲಿ ಮುಖ್ಯವಾಗಿ ನಕಾಶೆಯ ಬಿಂದುಗಳಿಗೆಂದು ತೆರೆದ ಬಾಗಿಲದು. ಹತ್ತು ವರ್ಷದ ಮೇಲೆ ಪಿಜಿವೆಕ್ಟರ್ ಎಂಬ ವಿಸ್ತರಣೆ ಅದೇ ಬಾಗಿಲಿನಿಂದ ಒಳಬಂದು, ಪದಗಳನ್ನೂ ಚಿತ್ರಗಳನ್ನೂ ಸೂಚಿಸುವ ನೂರಾರು ಆಯಾಮದ ವೆಕ್ಟರ್‌ಗಳಲ್ಲಿ ‘ಹತ್ತಿರದವರು ಮೊದಲು’ ಎಂದು ಕೊಡತೊಡಗಿತು. ಬಾಗಿಲು ಮಾಡಿದವರು ಇದನ್ನು ಕನಸಿನಲ್ಲೂ ಕಂಡಿರಲಾರರು. ಇಲ್ಲಿ ಒಂದು ತೊಡಕೂ ಇದೆ. ಅದರ ಎಚ್‌ಎನ್‌ಎಸ್‌ಡಬ್ಲ್ಯು ಇಂಡೆಕ್ಸ್ ಅಂದಾಜಿನದು, ನಿಜವಾಗಿ ಹತ್ತಿರವಿದ್ದ ಕೆಲವರನ್ನು ಅದು ಬಿಟ್ಟೇ ಬಿಡಬಹುದು. 0.8ನೇ ಆವೃತ್ತಿಯಲ್ಲಿ ಹುಡುಕಾಟವನ್ನು ಮುಂದುವರಿಸುತ್ತಾ ಹೋಗುವ ಅವಕಾಶ ತಂದಾಗ ಅವರು ಎರಡು ಆಯ್ಕೆ ಕೊಟ್ಟರು: ಕಟ್ಟುನಿಟ್ಟಿನ ಕ್ರಮ, ಸಡಿಲ ಕ್ರಮ. ಸಡಿಲದಲ್ಲಿ ಸಾಲುಗಳು ಸ್ವಲ್ಪ ಹಿಂದೆಮುಂದೆ ಆಗಬಹುದು ಎಂದು ಬಳಸುವವರಿಗೆ ಮೊದಲೇ ಹೇಳಿದರು. ಹಾಗೆ ಹೇಳಿದ್ದು ನನಗೆ ಮೆಚ್ಚುಗೆಯಾಯಿತು. ಆದರೆ ಪ್ಲಾನರ್‌ಗೆ ಅದನ್ನು ಹೇಳುವ ಪದ ಇನ್ನೂ ಇಲ್ಲ. ಅದರ ಚೀಟಿಯಲ್ಲಿ ‘ಸುಮಾರಾಗಿ’ ಎಂದು ಬರೆಯಲು ಜಾಗವಿಲ್ಲ.

ಈಗ ನಿನ್ನ ಹೌದು-ಇಲ್ಲಕ್ಕೆ ಮರಳುತ್ತೇನೆ. ಪೋಸ್ಟ್‌ಗ್ರೆಸ್‌ನಲ್ಲೂ ಅಂಥ ಎರಡು ಗುರುತುಗಳಿವೆ. ‘ಆಮ್‌ಕ್ಯಾನ್‌ಆರ್ಡರ್’ ಅಂದರೆ ಸಹಜ ಕ್ರಮದಲ್ಲಿ ಕೊಡಬಲ್ಲೆ, ‘ಆಮ್‌ಕ್ಯಾನ್‌ಆರ್ಡರ್‌ಬೈಆಪ್’ ಅಂದರೆ ಆಪರೇಟರಿನ ಕ್ರಮದಲ್ಲಿ ಕೊಡಬಲ್ಲೆ. ಬಹಳ ವರ್ಷ ಮೊದಲನೆಯದರ ಅರ್ಥ ಹೆಚ್ಚುಕಡಿಮೆ ‘ನಾನು ಬಿ-ಟ್ರೀಯಂತೆ ಇದ್ದೇನೆ’ ಎಂದೇ ಆಗಿತ್ತು. ಆ ಗುರುತು ಹಾಕಿಕೊಂಡವರು ತಮ್ಮ ಹೋಲಿಕೆಗಳಿಗೆ ಬಿ-ಟ್ರೀಯದೇ ಸಂಖ್ಯೆಗಳನ್ನು, 1ರಿಂದ 5ರವರೆಗೆ, ಕೊಡಬೇಕು ಎಂಬ ಕಟ್ಟು ಇತ್ತು. 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಬರ್ಕ್‌ಲಿಯಲ್ಲಿ ಶುರುಮಾಡಿದಾಗಿನಿಂದಲೂ ಹೊರಗಿನವರಿಗೆ ತೆರೆದಿರುವುದೇ ಆ ವ್ಯವಸ್ಥೆಯ ಹೆಮ್ಮೆ. 2016ರಿಂದ ಹೊಸ ಇಂಡೆಕ್ಸ್ ಬಗೆಯನ್ನು ಒಂದು ಆಜ್ಞೆಯಲ್ಲಿ ಸೇರಿಸಲೂ ಬರುತ್ತದೆ. ಅಷ್ಟಾದರೂ ಪ್ಲಾನರ್‌ನ ರಕ್ತದಲ್ಲಿ ಬಿ-ಟ್ರೀ ಉಳಿದೇ ಇತ್ತು. 2025ರ 18ನೇ ಆವೃತ್ತಿಯಲ್ಲಷ್ಟೇ, ಇಂಡೆಕ್ಸ್ ತನ್ನ ಸಂಖ್ಯೆಗಳನ್ನು ‘ಕಡಿಮೆ’, ‘ಸಮ’, ‘ಹೆಚ್ಚು’ ಎಂಬ ಸಾಮಾನ್ಯ ಮಾತಿಗೆ ತಾನೇ ಅನುವಾದಿಸಿ ಹೇಳುವ ಏರ್ಪಾಡು ಬಂತು. ಅಷ್ಟು ಜಾಣರ ಕೈಯಲ್ಲೂ ಇಷ್ಟು ಕಾಲ ಹಿಡಿಯಿತು. ಕ್ರಮ ಕೊಡುವ ಇಂಡೆಕ್ಸ್ ಒಂದೇ ಇದ್ದಾಗ ಅದರ ಮೈಕಟ್ಟೇ ಎಲ್ಲರ ಅಳತೆಯಾಗಿಬಿಡುತ್ತದೆ. ಆದ್ದರಿಂದ ನಿನ್ನ ಇಂಟರ್‌ಫೇಸನ್ನು ಹೊರಗೆ ಬಿಡುವ ಮೊದಲು ಒಂದಕ್ಕೊಂದು ಹೋಲದ ಮೂರು ಇಂಡೆಕ್ಸುಗಳನ್ನು ನೀನೇ ಬರೆದು ನೋಡು. ಎರಡನೆಯದು ನಿನ್ನ ಊಹೆಗಳನ್ನು ಹೊರಗೆಳೆಯುತ್ತದೆ, ಮೂರನೆಯದು ಹೆಸರುಗಳನ್ನು ಬದಲಾಯಿಸುತ್ತದೆ.

ಗುರುತಿನ ಬದಲು ಪ್ರಶ್ನೆ ಕೇಳು ಎಂದು ನಾನು ಹೇಳುವುದು ಇದಕ್ಕೇ. ‘ನೀನು ಕ್ರಮವಂತನೇ’ ಎಂದು ಒಮ್ಮೆ ಕೇಳಿ ಬರೆದಿಟ್ಟುಕೊಳ್ಳುವುದಲ್ಲ. ‘ಈ ಪ್ರಶ್ನೆಗೆ ಈ ಚೀಟಿಗಳ ಸರ ಬೇಕು, ಇದರಲ್ಲಿ ಮೊದಲಿನಿಂದ ಎಷ್ಟು ನಿನ್ನಿಂದ ಆದೀತು’ ಎಂದು ಪ್ರತಿ ಸಲ ಕೇಳುವುದು. ಒಂದು ಇಂಡೆಕ್ಸಿಗೆ ಮೊದಲ ಕಾಲಮ್ಮಿನ ಕ್ರಮ ಮಾತ್ರ ಬರಬಹುದು. ಇನ್ನೊಂದು ಸಹಜ ಕ್ರಮವನ್ನಾದರೂ ಕೊಟ್ಟೀತು, ದೂರದ ಕ್ರಮವನ್ನಾದರೂ ಕೊಟ್ಟೀತು, ಎರಡನ್ನೂ ಬೆರೆಸಿ ಕೊಡಲಾರದು. ಜಿಸ್ಟ್ ಹತ್ತಿರದವರನ್ನು ಮೊದಲು ಕೊಡುತ್ತದೆ, ದೂರದವರನ್ನು ಮೊದಲು ಕೊಡು ಎಂದರೆ ಆಗದು. ಇವೆಲ್ಲಕ್ಕೂ ಒಂದೊಂದು ಗುರುತು ಸೇರಿಸುತ್ತಾ ಹೋದರೆ ನಿನ್ನ ರಚನೆ ಗುರುತುಗಳ ಸಂತೆಯಾಗುತ್ತದೆ. ಉತ್ತರದಲ್ಲಿ ‘ಮೂರರಲ್ಲಿ ಎರಡು ಆಗುತ್ತದೆ’ ಎಂದು ಬಂದರೂ ಅದಕ್ಕೆ ಬೆಲೆಯಿದೆ. 2020ರ 13ನೇ ಆವೃತ್ತಿಯಲ್ಲಿ ಬಂದ ಇನ್‌ಕ್ರಿಮೆಂಟಲ್ ಸಾರ್ಟ್ ಅದನ್ನೇ ಬಳಸಿಕೊಳ್ಳುತ್ತದೆ. ತಾಲೂಕು, ಹೋಬಳಿಯಂತೆ ಜೋಡಿಸಿ ಬಂದ ಸಾಲುಗಳಲ್ಲಿ ಹೋಬಳಿಯ ಒಳಗಿನ ಊರುಗಳನ್ನಷ್ಟೇ ಜೋಡಿಸಿದರೆ ಮುಗಿಯಿತು.

ಪ್ರಶ್ನೆ ಕೇಳುವುದಕ್ಕೂ ಮಿತಿಯಿದೆ. ಪ್ಲಾನರ್ ಒಂದು ಕ್ವೆರಿಗೆ ಇದನ್ನು ನೂರಾರು ಸಲ ಕೇಳಬಹುದು, ಉತ್ತರ ಹಗುರವಾಗಿರಬೇಕು. ಮತ್ತೆ, ಇಂಡೆಕ್ಸ್ ಬರೆಯುವವನ ಕೈಗೆ ಪ್ಲಾನರ್‌ನ ಹೊಟ್ಟೆಯೊಳಗಿನ ರಚನೆಗಳನ್ನೆಲ್ಲ ಬಿಚ್ಚಿಡಬೇಡ. ಹಾಗೆ ಮಾಡಿದರೆ ನೀನು ಒಳಗೆ ಒಂದು ಹೆಸರು ಬದಲಿಸಿದಾಗಲೆಲ್ಲ ಹೊರಗೆ ಯಾರದೋ ಮನೆ ಬೀಳುತ್ತದೆ. ಯಾವುದು ಯಾರ ಕೆಲಸ ಎಂಬ ಗೆರೆ ಎಳೆಯಲು ನನಗೆ ಒದಗಿದ ಉದಾಹರಣೆ ಹೇಳುತ್ತೇನೆ. ತಾಲೂಕಿನಂತೆ, ಆಮೇಲೆ ಹೆಸರಿನಂತೆ ಜೋಡಿಸು ಎಂದು ಕ್ವೆರಿ ಕೇಳಿದೆ, ಜೊತೆಗೆ ತಾಲೂಕು ಸುರಪುರವೇ ಆಗಿರಬೇಕು ಎಂಬ ಷರತ್ತೂ ಇದೆ ಅಂದುಕೋ. ಆಗ ತಾಲೂಕಿನ ಚೀಟಿ ಅನಗತ್ಯ, ಎಲ್ಲಾ ಸಾಲಿನಲ್ಲೂ ಅದು ಒಂದೇ. ಇದನ್ನು ಅರಿತು ಚೀಟಿ ಕಿತ್ತುಹಾಕುವುದು ಪ್ಲಾನರ್‌ನ ಕೆಲಸ, ಯಾಕೆಂದರೆ ಅದು ಪ್ರಶ್ನೆಯ ಅರ್ಥಕ್ಕೆ ಸೇರಿದ್ದು. ಉಳಿದ ಚೀಟಿಯನ್ನು ತನ್ನ ಪುಟಗಳಿಂದ ಪೂರೈಸಲು ಬರುತ್ತದೆಯೇ ಎನ್ನುವುದು ಇಂಡೆಕ್ಸಿನ ಕೆಲಸ. ಅರ್ಥ ಅವನದು, ಸಂಗ್ರಹ ಇವನದು. ಈ ಗೆರೆ ಅಳಿಸಿದ ಇಂಟರ್‌ಫೇಸುಗಳಲ್ಲಿ ಪ್ರತಿ ಹೊಸ ಇಂಡೆಕ್ಸೂ ಅರ್ಧ ಪ್ಲಾನರ್ ಬರೆದುಕೊಳ್ಳಬೇಕಾಗುತ್ತದೆ.

ಖರ್ಚಿನ ಮಾತು ಬಾಕಿ ಇದೆ. ನಾರಾಯಣಪುರದಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟ ದಿನ ಶಹಾಪುರ ಶಾಖಾ ಕಾಲುವೆಯ ಕೊನೆಯ ಹೊಲದವನನ್ನು ಕೇಳು. ಕಾಗದದ ಮೇಲೆ ನೀರು ಎಲ್ಲರಿಗೂ ಸಮನಾಗಿ ಹಂಚಿರುತ್ತದೆ. ಹೊಲಕ್ಕೆ ಮಾತ್ರ ತಲೆಯಿಂದ ಬಾಲದ ತನಕ ಬರಬೇಕು. ಪ್ಲಾನರ್ ಕೂಡ ಸಮನಾಗಿ ಹಂಚಿದೆ ಎಂದೇ ನಂಬುತ್ತದೆ. ‘ಅರ್ಜಿಗಳನ್ನು ತಾರೀಖಿನಂತೆ ಜೋಡಿಸಿ, ಹುಣಸಗಿ ತಾಲೂಕಿನ ಮೊದಲ ಹತ್ತು ಕೊಡು’ ಎಂದು ಕೇಳಿದೆ ಅಂದುಕೋ. ತಾರೀಖಿನ ಇಂಡೆಕ್ಸ್ ಹಿಡಿದು ನಡೆದರೆ ಹತ್ತು ಬೇಗ ಸಿಗುತ್ತವೆ ಎಂದು ಅದು ಲೆಕ್ಕ ಹಾಕುತ್ತದೆ. ಆದರೆ ಯಾದಗಿರಿ ಜಿಲ್ಲೆಯಾದಾಗ ನಮ್ಮಲ್ಲಿ ಇದ್ದದ್ದು ಯಾದಗಿರಿ, ಶಹಾಪುರ, ಸುರಪುರ ಮೂರೇ ತಾಲೂಕು. ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಆದವು. ಹುಣಸಗಿ ಹೆಸರಿನ ಸಾಲುಗಳೆಲ್ಲ ತಾರೀಖಿನ ಬಾಲದಲ್ಲಿವೆ. ಅಲ್ಲಿಗೆ ತಲುಪುವವರೆಗೆ ಹಳೆಯ ಅರ್ಜಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿ ಬಿಡಬೇಕು. ಉತ್ತರ ಸರಿಯೇ ಬರುತ್ತದೆ, ಬರಲು ಹತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ ಕ್ರಮ ಕೊಡುತ್ತೇನೆ ಎಂದ ಇಂಡೆಕ್ಸ್, ಮೊದಲ ಸಾಲು ಕೊಡಲು ಎಷ್ಟು ಖರ್ಚು, ಕೊನೆಯದಕ್ಕೆ ಎಷ್ಟು ಎಂಬುದನ್ನೂ ಹೇಳುವಂತಿರಲಿ. ಈ ಬಾಲದ ಕಷ್ಟಕ್ಕೆ ಪೂರ್ತಿ ಮದ್ದು ನನ್ನ ಹತ್ತಿರವೂ ಇಲ್ಲ. ನಿಮ್ಮ ಪೀಳಿಗೆ ಇದರ ಮೇಲೆ ಕೆಲಸ ಮಾಡಬೇಕೆಂಬ ಆಸೆ ನನಗೆ ಬಹಳ ಇದೆ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ನೀನು ಬರುತ್ತೀ ಅಂತ ವೈನಿ ಹೇಳಿದರು. ಬರುವಾಗ ಲ್ಯಾಪ್‌ಟಾಪ್ ತಾ. ಅಜ್ಜನ ಟ್ರಂಕಿನಲ್ಲಿದ್ದ ಹಳೆಯ ಪಹಣಿಗಳನ್ನು ತೆಗೆದಿಟ್ಟಿದ್ದೇನೆ. ಒಂದರಲ್ಲಿ ಬರೀ ನಂಬರು, ಒಂದರಲ್ಲಿ ಹಿಸ್ಸಾ, ಒಂದರಲ್ಲಿ ನಡುವೆ ನಕ್ಷತ್ರದ ಗುರುತು, ಒಂದು ಹಾಳೆಯಲ್ಲಿ ಇಲಿ ಕಡಿದು ಹಿಸ್ಸೆಯ ಜಾಗವೇ ಹೋಗಿದೆ. ಅವನ್ನು ಹೇಗಿವೆಯೋ ಹಾಗೇ ನಿನ್ನ ಮೊದಲ ಪರೀಕ್ಷೆಯ ಕೋಷ್ಟಕಕ್ಕೆ ಹಾಕೋಣ. ಇಲಿ ಕಡಿದದ್ದು ಮುಂದೆ ನಿಲ್ಲಬೇಕೋ ಹಿಂದೆ ನಿಲ್ಲಬೇಕೋ, ಅದನ್ನು ಮಾತ್ರ ಮೊದಲೇ ಯೋಚಿಸಿಕೊಂಡು ಬಾ.